ಬಿಸ್ಕತ್ತು ಪೊಟ್ಟಣದ ಹದಿಮೂರನೇ ಅಂಕಿ

ತುಮಕೂರು ತಾಲ್ಲೂಕಿನ ಕೋರಾ ಹೋಬಳಿಯ ನೆಂಟರ ಮನೆ ಜಗಲಿಯಲ್ಲಿ ಕೂತು ಟೀ ಕುಡಿಯುತ್ತಿದ್ದೆ. ಎಂಟನೇ ಕ್ಲಾಸಿನ ಹುಡುಗ ಬಿಸ್ಕತ್ತು ತಿಂದು ಕವರನ್ನು ಅಂಗಳಕ್ಕೆ ಎಸೆದ. "ಎತ್ಕೊಂಡ್ ಬಾರೋ ಅದನ್ನ" ಎಂದೆ. ಬೈಸಿಕೊಳ್ಳುವ ಮುಖ ಮಾಡಿಕೊಂಡೇ ತಂದ. "ಕಪ್ಪು ಗೆರೆಗಳ ಕೆಳಗಿರೋ ನಂಬರ್ ಓದು. ಕೊನೇದನ್ನ ಹೇಳ್ಬೇಡ, ಬೆರಳಲ್ಲಿ ಮುಚ್ಕೊ." ಹನ್ನೆರಡು ಅಂಕಿ ಓದಿದ. ಪೇಪರಿನ ಅಂಚಿನಲ್ಲಿ ಗೀಚಿ, ಬೆರಳ ಕೆಳಗಿನ ಅಂಕಿ ಯಾವುದೆಂದು ಹೇಳಿದೆ. ಬೆರಳೆತ್ತಿ ನೋಡಿದವನು ಒಳಗೆ ಓಡಿದ. ಸೋಪಿನ ಕಾಗದ, ಟೀಪುಡಿ ಡಬ್ಬಿ, ಅಜ್ಜಿಯ ಮಂಡಿನೋವಿನ ಮುಲಾಮಿನ ಪೆಟ್ಟಿಗೆ ಎಲ್ಲ ಜಗಲಿಗೆ ಬಂದವು. ಹಿಂದೆಯೇ ಪಕ್ಕದ ಮನೆಯ ಮಕ್ಕಳೂ ಬಂದರು.

ಗುಟ್ಟು ದೊಡ್ಡದೇನಲ್ಲ. ಬಾರ್‌ಕೋಡಿನ 13 ಅಂಕಿಗಳಲ್ಲಿ ಕೊನೆಯದು ಕಾವಲುಗಾರ. ಎಡದಿಂದ ಎಣಿಸುತ್ತಾ ಬೆಸ ಸ್ಥಾನದ ಅಂಕಿಗಳನ್ನು ಹಾಗೇ ಕೂಡಿ, ಸಮ ಸ್ಥಾನದವನ್ನು ಕೂಡಿ ಮೂರರಿಂದ ಗುಣಿಸಿ. ಎರಡನ್ನೂ ಸೇರಿಸಿದಾಗ ಬಂದ ಮೊತ್ತವನ್ನು ಮುಂದಿನ ಹತ್ತಕ್ಕೆ ಮುಟ್ಟಿಸಲು ಎಷ್ಟು ಬೇಕೋ ಅದೇ ಹದಿಮೂರನೆಯ ಅಂಕಿ. 890123456789 ಎಂದಿಟ್ಟುಕೊಳ್ಳಿ. ಬೆಸ ಸ್ಥಾನದವು 8, 0, 2, 4, 6, 8, ಒಟ್ಟು 28. ಸಮ ಸ್ಥಾನದವು 9, 1, 3, 5, 7, 9, ಒಟ್ಟು 34, ಮೂರರಷ್ಟು 102. ಕೂಡಿದರೆ 130. ಹತ್ತಕ್ಕೆ ಆಗಲೇ ಮುಟ್ಟಿರುವುದರಿಂದ ಕೊನೆಯ ಅಂಕಿ ಸೊನ್ನೆ. ಮೊದಲ 890 ಭಾರತದಲ್ಲಿ ನೋಂದಾಯಿಸಿದ ಸಂಖ್ಯೆ ಎಂಬುದರ ಗುರುತು. ಮಾಲು ಇಲ್ಲೇ ತಯಾರಾಗಿದೆ ಎಂದು ಅದರಿಂದ ಹೇಳಲಾಗದು. ಎಷ್ಟೋ ಜನ ಹಾಗೆ ತಿಳಿದುಕೊಂಡಿರುತ್ತಾರೆ.

ಮೂರರಿಂದಲೇ ಏಕೆ ಗುಣಿಸಬೇಕು? ಪಾಠ ಶುರುವಾಗುವುದೇ ಈ ಪ್ರಶ್ನೆಯಿಂದ. ಉತ್ತರ ಹೇಳಿಬಿಡಬೇಡಿ, ಐದರಿಂದ ಗುಣಿಸಿ ನೋಡಿ ಎನ್ನಿ. 2 ಇದ್ದರೂ 4 ಇದ್ದರೂ ಕೊನೆಗೆ ಸೊನ್ನೆಯೇ ಬರುತ್ತದೆ, ತಪ್ಪು ನುಸುಳಿಕೊಂಡು ಹೋಗುತ್ತದೆ. ಎರಡರಿಂದ ಗುಣಿಸಿದರೆ 1 ಮತ್ತು 6 ಒಂದೇ ಆಗಿಬಿಡುತ್ತವೆ. ಮೂರರಲ್ಲಿ ಆ ತೊಂದರೆಯಿಲ್ಲ. ಹತ್ತೂ ಅಂಕಿಗಳಿಗೆ ಬೇರೆ ಬೇರೆ ಕೊನೆಯಂಕಿ ಸಿಗುತ್ತದೆ. ಮೂರರ ಮಗ್ಗಿಯನ್ನು ಬಾಯಿಪಾಠ ಮಾಡಿದ ಮಗು ಅದರ ಕೊನೆಯಂಕಿಗಳ ಕಡೆ ನೋಡುವುದು ಬಹುಶಃ ಅದೇ ಮೊದಲು.

ಈ ಊರಿನಲ್ಲೇ ಇದನ್ನು ಹೇಳಲು ಕಾರಣವಿದೆ. ಪಕ್ಕದ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿರುವ ಫುಡ್ ಪಾರ್ಕನ್ನು ಪ್ರಧಾನಿ ಉದ್ಘಾಟಿಸಿದ್ದು 2014ರ ಸೆಪ್ಟೆಂಬರ್ 24ರಂದು. ಮಂಗಳಯಾನ ನೌಕೆ ಮಂಗಳನ ಕಕ್ಷೆ ಸೇರಿದ್ದೂ ಅದೇ ಬೆಳಿಗ್ಗೆ. ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಅದನ್ನು ನೋಡಿಕೊಂಡು ಅವರು ತುಮಕೂರಿಗೆ ಬಂದಿದ್ದರು. ಅತ್ತ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಸುತ್ತಲ ಹಳ್ಳಿಗಳಲ್ಲಿ ಶಿಫ್ಟಿಗೆ ಹೋಗುವ ಅಪ್ಪ ಅಮ್ಮಂದಿರಿದ್ದಾರೆ, ಪೆಟ್ಟಿಗೆಗಳ ಮೇಲಿನ ಗೆರೆಗಳಿಗೆ ಯಂತ್ರ ಹಿಡಿದು 'ಕೀಂ' ಅನ್ನಿಸುವವರೂ ಇದ್ದಾರೆ. ಆ ಸದ್ದಿನ ಹಿಂದೆ ಏಳನೇ ಕ್ಲಾಸಿನ ಲೆಕ್ಕವೊಂದು ನಡೆದಿರುತ್ತದೆ ಎಂದು ಅವರ ಮಕ್ಕಳಿಗೆ ಶಾಲೆಯಲ್ಲಿ ಯಾರಾದರೂ ಹೇಳಿದ್ದಾರೆಯೇ?

ಶಾಲೆಗೆ ಸಾಮಾನು ಬರುವುದೇ ಇಲ್ಲವೆನ್ನುವಂತಿಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲೇ 'ಮಾಹಿತಿ ಸಿಂಧು' ಯೋಜನೆಯಲ್ಲಿ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದವು. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬಿಗೆ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಆದರೆ ನಾನು ಓದಿದ ಶಾಲೆಯ ಸೂಕ್ಷ್ಮದರ್ಶಕ ಮೂರು ವರ್ಷವೂ ಗಾಜಿನ ಬೀರುವಿನಲ್ಲೇ ಇತ್ತು. ನಾವು ನೋಡಿದ್ದು ಗಾಜಿನಾಚೆಯಿಂದ. ಮೇಷ್ಟ್ರನ್ನು ದೂರಲಾರೆ. ಒಂದು ಲೆನ್ಸ್ ಒಡೆದರೆ ಸ್ಟಾಕ್ ರಿಜಿಸ್ಟರಿಗೆ ಉತ್ತರ ಹೇಳಬೇಕಾದವರು ಅವರೇ. ಬಳಸಿ ಮುರಿದರೆ ವಿಚಾರಣೆ, ಬಳಸದೆ ತುಕ್ಕು ಹಿಡಿಸಿದರೆ ಯಾರೂ ಕೇಳುವುದಿಲ್ಲ ಎಂಬಂಥ ಲೆಕ್ಕವಿದ್ದಲ್ಲಿ ಬೀಗದಕೈ ಜೇಬಿನಿಂದ ಹೊರಬರುವುದಾದರೂ ಹೇಗೆ?

ಕವರಿಗೆ ಸ್ಟಾಕ್ ರಿಜಿಸ್ಟರ್ ಇಲ್ಲ. ಮನೆಮನೆಯಲ್ಲೂ ಬಿದ್ದಿರುವ ಹಳೇ ಲಗ್ನಪತ್ರಿಕೆಗೂ ಇಲ್ಲ. ಒಂದೇ ಅಳತೆಗೆ 36 ಚೀಟಿ ಕತ್ತರಿಸಿ, ಒಂದು ಮಗ್ಗುಲಿಗೆ ಇದ್ದಿಲು ಬಳಿಯಿರಿ. ಐದು ಸಾಲು, ಸಾಲಿಗೆ ಐದರಂತೆ ಮಕ್ಕಳು ಮನಸ್ಸಿಗೆ ಬಂದಂತೆ ಜೋಡಿಸಲಿ. "ಇನ್ನೊಂದಿಷ್ಟು ಇಡ್ತೀನಿ, ಆಟ ಕಷ್ಟ ಆಗ್ಲಿ" ಎನ್ನುತ್ತಾ ನೀವು ಆರನೇ ಸಾಲು, ಆರನೇ ಕಂಬಸಾಲು ಸೇರಿಸಿ. ಪ್ರತಿ ಅಡ್ಡಸಾಲಿನಲ್ಲೂ ಪ್ರತಿ ಕಂಬಸಾಲಿನಲ್ಲೂ ಕಪ್ಪು ಚೀಟಿ ಸಮಸಂಖ್ಯೆಯಲ್ಲಿರಬೇಕು, ಅಷ್ಟೇ. ಬೆನ್ನು ತಿರುಗಿಸಿ ನಿಲ್ಲಿ. ಯಾರೋ ಒಂದು ಚೀಟಿ ಮಗುಚಲಿ. ಕಪ್ಪು ಬೆಸವಾದ ಅಡ್ಡಸಾಲೂ ಕಂಬಸಾಲೂ ಕೂಡುವಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ಕಂಪ್ಯೂಟರುಗಳು ತಮ್ಮೊಳಗಿನ ತಪ್ಪು ಹಿಡಿಯುವ ಉಪಾಯಗಳಲ್ಲಿ ಇದೂ ಒಂದು. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಗೆಳೆಯರು ಕಂಪ್ಯೂಟರನ್ನೇ ಮುಟ್ಟದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಇಂಥ ಆಟಗಳನ್ನು ತೊಂಬತ್ತರ ದಶಕದಲ್ಲೇ ಪುಸ್ತಕ ಮಾಡಿ ಹಂಚಿದರು. ನಮ್ಮಲ್ಲೂ 1978ರಿಂದ 'ಬಾಲ ವಿಜ್ಞಾನ' ಮಾಸಪತ್ರಿಕೆ, 1980ರಿಂದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಕನ್ನಡದಲ್ಲಿ ಇದೇ ಹಾದಿ ತುಳಿದವು.

ಇನ್ನು ಬೀಗ ಹಾಕಲಾಗದ ಉಪಕರಣವೆಂದರೆ ಸೂರ್ಯ. ವರ್ಷಕ್ಕೆ ಎರಡು ದಿನ ಈ ಭಾಗದಲ್ಲಿ ನಡುಹಗಲಿಗೆ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಏಪ್ರಿಲ್ 26ರ ಆಸುಪಾಸಿನದು ಬೇಸಿಗೆ ರಜೆಗೆ ಸಿಕ್ಕಿಹಾಕಿಕೊಳ್ಳುತ್ತದೆ, ಆಗಸ್ಟ್ 17ರ ಆಸುಪಾಸಿನದು ಮಳೆಮೋಡಕ್ಕೆ. ಅದೃಷ್ಟಕ್ಕೆ ಮೋಡ ಸರಿದರೆ ಆಗಸ್ಟಿನಲ್ಲಿ 12 ಗಂಟೆ 26 ನಿಮಿಷದ ಹೊತ್ತಿಗೆ ಒಂದು ಸ್ಟೀಲ್ ಲೋಟ ಬೋರಲು ಹಾಕಿ ನೋಡಬಹುದು.

ಜಗಲಿಗೆ ಮರಳುತ್ತೇನೆ. ಕತ್ತಲಾಗುವ ಹೊತ್ತಿಗೆ ಹುಡುಗ ನೋಟ್‌ಬುಕ್ ಹಿಡಿದು ಬಂದ. "ಮಾಮ, ನಿಮ್ ಕಾವಲುಗಾರ ನಿದ್ದೆ ಮಾಡ್ತಾನೆ" ಎಂದ. ಪಕ್ಕಪಕ್ಕದ 1 ಮತ್ತು 6ನ್ನು ಅದಲುಬದಲು ಬರೆದರೂ ಕೊನೆಯ ಅಂಕಿ ಬದಲಾಗುತ್ತಿಲ್ಲ! ನಿಜ. ಒಂದಕ್ಕೆ ಆರರ ಮೂರರಷ್ಟು ಕೂಡಿದರೆ 19; ತಿರುಗಿಸಿದರೆ ಆರಕ್ಕೆ ಮೂರು, 9. ವ್ಯತ್ಯಾಸ ಸರಿಯಾಗಿ ಹತ್ತು, ಕಾವಲುಗಾರನಿಗೆ ಕಾಣುವುದಿಲ್ಲ. 2–7, 3–8 ಕೂಡ ಹೀಗೇ ತಪ್ಪಿಸಿಕೊಳ್ಳುತ್ತವೆ ಎಂದು ಅವನೇ ಪಟ್ಟಿ ಮಾಡಿದ್ದ.

"ಹಂಗಾರೆ ಇದನ್ನೂ ಹಿಡಿಯೋ ಲೆಕ್ಕ ಇಲ್ವಾ?"

ಇದೆ ಎಂದೆ. ಡಚ್ ಗಣಿತಜ್ಞ ವೆರ್ಹೂಫ್ 1969ರಲ್ಲಿ ಕೊಟ್ಟದ್ದು, ಆಧಾರ್ ಸಂಖ್ಯೆಯ ಹನ್ನೆರಡನೇ ಅಂಕಿಯನ್ನು ಕಟ್ಟುವುದು ಅದೇ ಲೆಕ್ಕದಿಂದ ಎಂದೆ. ಹೇಳಬಾರದಿತ್ತು. ಮಾತು ಮುಗಿಯುವ ಮೊದಲೇ ಅವರಮ್ಮನ ಕಾರ್ಡು ತರಲು ಒಳಗೆ ಓಡಿದವನನ್ನು ಹೊಸಿಲ ಬಳಿಯೇ ಹಿಡಿದು ಕೂರಿಸಬೇಕಾಯಿತು.