ಮಾವಿನ ಹಣ್ಣಿನ ತಂಪು ಸಿಹಿ: ಮಾಡುವ ಬಗೆ, ತಿನ್ನುವ ಬಗೆ

ಬೇಸಿಗೆಯಲ್ಲಿ ನಮ್ಮ ಚಿಕಿತ್ಸಾಲಯಕ್ಕೆ ಬರುವ ತಾಯಂದಿರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಮಕ್ಕಳು ಐಸ್‌ಕ್ರೀಮಿಗೆ ಹಟ ಹಿಡಿಯುತ್ತಾರೆ, ಕೊಡಬಹುದೇ, ಬಾರದೇ?’ ಬರಿದೆ ‘ಬೇಡ’ ಎಂದರೆ ಮಕ್ಕಳು ಅಂಗಡಿಯ ಹಾದಿ ಹಿಡಿಯುತ್ತಾರೆ. ಆದುದರಿಂದ ಹಣ್ಣಿನ ತಂಪು ಸಿಹಿಯನ್ನು ಮನೆಯಲ್ಲಿಯೇ ಮಾಡಿ, ಹೊತ್ತರಿತು, ಮಿತವಾಗಿ ಕೊಡಿರೆಂದು ನಾವು ಹೇಳುತ್ತೇವೆ. ಕೈಯಾರೆ ಮಾಡಿದಾಗ ಅದರಲ್ಲಿ ಏನಿದೆ, ಎಷ್ಟಿದೆ ಎಂಬುದು ನಮಗೆ ತಿಳಿದಿರುತ್ತದೆ.

ಅಂಗಡಿಯಲ್ಲಿ ದೊರೆಯುವುದೆಲ್ಲ ಐಸ್‌ಕ್ರೀಮ್ ಅಲ್ಲ. ನಮ್ಮ ದೇಶದ ನಿಯಮದಂತೆ ಸಾಮಾನ್ಯ ಐಸ್‌ಕ್ರೀಮಿನಲ್ಲಿ ಹಾಲಿನ ಕೊಬ್ಬು ಕನಿಷ್ಠ ಶೇ. 10ರಷ್ಟು ಇರಬೇಕು. ‘ಫ್ರೋಜನ್ ಡೆಸರ್ಟ್’ ಎಂದು ಅಚ್ಚಾಗಿರುವ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಸಸ್ಯಜನ್ಯ ಎಣ್ಣೆಯಿರುತ್ತದೆ. ಕೊಳ್ಳುವ ಮೊದಲು ಡಬ್ಬಿಯ ಮೇಲಿನ ಬರಹವನ್ನು ಓದುವುದು ಲೇಸು.

ಇನ್ನು ಮಾಡುವ ಬಗೆ. ಚೆನ್ನಾಗಿ ಕಳಿತ ಆಪೂಸು ಅಥವಾ ರಸಪುರಿ ಹಣ್ಣನ್ನು ಒಂದು ಗಂಟೆ ತಣ್ಣೀರಿನಲ್ಲಿ ನೆನೆಯಿಟ್ಟು ತೊಳೆಯಿರಿ. 500 ಗ್ರಾಂ ತಿರುಳನ್ನು ನುಣ್ಣಗೆ ರುಬ್ಬಿ. 75 ಗ್ರಾಂ ಕಲ್ಲುಸಕ್ಕರೆಯನ್ನು 75 ಮಿಲಿ ನೀರಿನಲ್ಲಿ ಕುದಿಸಿ ಕರಗಿಸಿ, ಪೂರ್ಣ ಆರಿದ ಮೇಲೆ ತಿರುಳಿಗೆ ಬೆರೆಸಿರಿ. ಎರಡು ಏಲಕ್ಕಿಯ ಪುಡಿ, ಒಂದು ಚಮಚ ನಿಂಬೆರಸ, ಚಿಟಿಕೆ ಸೈಂಧವ ಲವಣ ಸೇರಿಸಿ, ಅಗಲವಾದ ಸ್ಟೀಲ್ ಪಾತ್ರೆಗೆ ಸುರಿದು ಮುಚ್ಚಿ ಫ್ರೀಜರಿನಲ್ಲಿಡಿರಿ.

ಒಂದೂವರೆ ಗಂಟೆಯ ಬಳಿಕ ಅಂಚುಗಳು ಗಟ್ಟಿಯಾಗತೊಡಗುತ್ತವೆ. ಆಗ ಮುಳ್ಳುಚಮಚದಿಂದ ಕೆರೆದು ಕಲಕಿರಿ. ಮುಕ್ಕಾಲು ಗಂಟೆಗೊಮ್ಮೆ ಹೀಗೆ ಮೂರು ಸಲ ಮಾಡಬೇಕು. ಕಲಕದೆ ಬಿಟ್ಟರೆ ನೀರು ದೊಡ್ಡ ಹರಳುಗಳಾಗಿ ಕಲ್ಲಿನಂತಾಗುತ್ತದೆ; ಕಲಕಿದರೆ ಹರಳುಗಳು ಚಿಕ್ಕವಾಗಿ ಉಳಿದು ನಾಲಿಗೆಗೆ ಮೃದುವೆನಿಸುತ್ತವೆ. ಸಕ್ಕರೆ ಬೆರೆತ ನೀರು ಶೂನ್ಯ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಹಾಗಾಗಿ ಸಕ್ಕರೆ ತೀರ ಕಡಿಮೆಯಾದರೆ ಸಿಹಿಯು ಬಂಡೆಯಾಗುತ್ತದೆ, ಹೆಚ್ಚಾದರೆ ಗಟ್ಟಿಯಾಗುವುದೇ ಇಲ್ಲ.

ಫ್ರೀಜರ್ ಇಲ್ಲದವರು ಹಳೆಯ ಉಪಾಯವನ್ನು ಅನುಸರಿಸಬಹುದು. ಮೂರು ಪಾಲು ಪುಡಿ ಮಂಜುಗಡ್ಡೆಗೆ ಒಂದು ಪಾಲು ಉಪ್ಪು ಬೆರೆಸಿ, ಅದರ ನಡುವೆ ಬಿಗಿಮುಚ್ಚಳದ ಡಬ್ಬಿಯನ್ನಿಟ್ಟು ತಿರುಗಿಸುತ್ತಿರಬೇಕು. ಉಪ್ಪು ತಗುಲಿ ಕರಗುವ ಮಂಜು ಸುತ್ತಲಿನ ಶಾಖವನ್ನು ಹೀರಿ ಶೂನ್ಯಕ್ಕಿಂತ ಬಹಳ ಕೆಳಗಿಳಿಯುತ್ತದೆ. ಆ ಮಿಶ್ರಣವನ್ನು ಬರಿಗೈಯಿಂದ ಮುಟ್ಟಬೇಡಿ. ಪೇಟೆಯಲ್ಲಿ ಕೊಳ್ಳುವ ಮಂಜುಗಡ್ಡೆ ತಿನ್ನಲು ತಕ್ಕದ್ದೆಂಬ ಭರವಸೆಯಿಲ್ಲವಾದ್ದರಿಂದ ಅದು ಡಬ್ಬಿಯೊಳಗೆ ಸೇರದಿರಲಿ.

ಹಾಲನ್ನೇಕೆ ಸೇರಿಸಲಿಲ್ಲವೆಂದು ಕೆಲವರು ಕೇಳಬಹುದು. ಚರಕಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯದಲ್ಲಿ ಹುಳಿ ಹಣ್ಣುಗಳನ್ನು ಹಾಲಿನೊಡನೆ ಸೇವಿಸುವುದು ವಿರುದ್ಧಾಹಾರವೆಂದು ಹೇಳಿದೆ. ಹಣ್ಣಿನಲ್ಲಿ ಉಳಿದಿರುವ ಹುಳಿಯನ್ನು ಪ್ರತಿಸಲ ಅಳೆಯುವುದು ಸುಲಭವಲ್ಲ. ಆದುದರಿಂದ ಹಾಲನ್ನು ಬಿಡುವುದೇ ಕ್ಷೇಮವೆಂಬುದು ನಮ್ಮ ಅಭಿಪ್ರಾಯ.

ತಿನ್ನುವ ಬಗೆ ಮಾಡುವ ಬಗೆಗಿಂತ ಮುಖ್ಯವಾದುದು. ಅತಿ ಶೀತ ಪದಾರ್ಥವು ಜಠರಾಗ್ನಿಯನ್ನು ಕುಗ್ಗಿಸುತ್ತದೆಂದು ಆಯುರ್ವೇದವು ತಿಳಿಸುತ್ತದೆ. ಹೊಟ್ಟೆತುಂಬ ಉಂಡ ಕೂಡಲೇ, ಬಿಸಿಲಿನಿಂದ ಬಂದ ಕೂಡಲೇ, ರಾತ್ರಿ ಮಲಗುವ ಮುನ್ನ ಇದನ್ನು ಕೊಡಬಾರದು. ಮಧ್ಯಾಹ್ನದ ಊಟವಾಗಿ ಎರಡು ಗಂಟೆ ಕಳೆದ ಮೇಲೆ ಕೊಡುವುದು ಯುಕ್ತ. ಹತ್ತು ನಿಮಿಷ ಮೊದಲೇ ಹೊರಗಿಟ್ಟು, ನಿಧಾನವಾಗಿ ತಿನ್ನಬೇಕು. ಗಬಗಬನೆ ತಿಂದರೆ ಅಂಗುಳು ಥಟ್ಟನೆ ತಣಿದು ಹಣೆ ನೋಯುತ್ತದೆ. ನೆಗಡಿ, ಕೆಮ್ಮು, ಉಬ್ಬಸ ಇರುವವರು ಅವು ಶಮನವಾಗುವವರೆಗೆ ತಡೆಯಲಿ.

ಮೇಲಿನ ಅಳತೆಯಿಂದ ಆರು ಬಟ್ಟಲು ಸಿಹಿಯಾಗುತ್ತದೆ. ಹಣ್ಣಿನದೂ ಬೆರೆಸಿದುದೂ ಕೂಡಿ ಬಟ್ಟಲಿಗೆ ಸುಮಾರು 24 ಗ್ರಾಂ, ಅಂದರೆ ಆರು ಚಹಾ ಚಮಚದಷ್ಟು ಸಕ್ಕರೆ! ಶೈತ್ಯದಲ್ಲಿ ನಾಲಿಗೆಗೆ ಸಿಹಿ ಮಂದವಾಗಿ ತೋರುವುದರಿಂದ ಇಷ್ಟು ಸಕ್ಕರೆ ತಿಂದದ್ದೇ ತಿಳಿಯುವುದಿಲ್ಲ. ‘ಮನೆಯಲ್ಲಿ ಮಾಡಿದ್ದು, ಹಣ್ಣಿನದು, ಕಲ್ಲುಸಕ್ಕರೆಯದು’ ಎಂದು ಮಧುಮೇಹಿಗಳು ಮೋಸಹೋಗಬಾರದು. ಕಲ್ಲುಸಕ್ಕರೆಯೂ ಸಕ್ಕರೆಯೇ. ಮಕ್ಕಳಿಗೂ ವಾರಕ್ಕೆ ಒಂದೆರಡು ಸಲ, ಚಿಕ್ಕ ಬಟ್ಟಲು ಸಾಕು.

ಕೊನೆಯದಾಗಿ ಒಂದು ಎಚ್ಚರಿಕೆ. ಶೈತ್ಯವು ರೋಗಾಣುಗಳನ್ನೆಲ್ಲ ಕೊಲ್ಲುವುದಿಲ್ಲ. ಬಹುಪಾಲನ್ನು ಮಲಗಿಸಿಡುತ್ತದೆ ಅಷ್ಟೆ. ಕೈ, ಪಾತ್ರೆ, ನೀರು ಶುದ್ಧವಾಗಿರಲಿ. ವಿದ್ಯುತ್ ಹೋಗಿ ಪೂರ್ಣ ಕರಗಿದುದನ್ನು ಮತ್ತೆ ಗಟ್ಟಿಮಾಡಿ ಮಕ್ಕಳಿಗೆ ಕೊಡಬೇಡಿ. ಒಂದು ವಾರದೊಳಗೆ ಮುಗಿಯುವಷ್ಟನ್ನೇ ಮಾಡಿರಿ.