ತಂಪು ಕೆಟ್ಟರೆ ಬಿಸಿಯ ಕಡೆ ನೋಡಿ

ಬೇಸಿಗೆ ಕಾಲಿಟ್ಟಿತೆಂದರೆ ರಿಪೇರಿ ಅಂಗಡಿಗಳಿಗೆ ಮೇಜಿನ ಮೇಲಿಡುವ ಪುಟ್ಟ ವಾಟರ್ ಡಿಸ್ಪೆನ್ಸರ್‌ಗಳು ಬರತೊಡಗುತ್ತವೆ. ನೀಲಿ ನಲ್ಲಿಯಲ್ಲೂ ಉಗುರುಬೆಚ್ಚಗಿನ ನೀರೇ ಬರುತ್ತಿದೆ ಎಂಬುದು ದೂರು. ‘ಗ್ಯಾಸ್ ಹೋಗಿರಬೇಕು, ತುಂಬಿಸಿಕೊಡಿ’ ಎಂದು ಪರಿಹಾರವನ್ನೂ ಗ್ರಾಹಕರೇ ಹೇಳಿಬಿಡುತ್ತಾರೆ. ಆದರೆ ಈ ಬಗೆಯ ಯಂತ್ರದಲ್ಲಿ ಗ್ಯಾಸೂ ಇಲ್ಲ, ಕಂಪ್ರೆಸರೂ ಇಲ್ಲ. ತಂಪಿನ ಕೆಲಸವೆಲ್ಲ 4 ಸೆಂಟಿಮೀಟರ್ ಚೌಕದ, 4 ಮಿಲಿಮೀಟರ್‌ನಷ್ಟು ದಪ್ಪದ ಒಂದು ಬಿಳಿ ಬಿಲ್ಲೆಯದು.

ಬೆಂಗಳೂರಿನ ಎಸ್‌.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ‘ಪೆಲ್ಟಿಯರ್’ ಎಂದು ಕೇಳಿದರೆ ಕೊಡುವುದು ಇದನ್ನೇ. 1834ರಲ್ಲಿ ಇದರ ಹಿಂದಿನ ಗುಣವನ್ನು ಗುರುತಿಸಿದ ಫ್ರಾನ್ಸಿನ ಪೆಲ್ಟಿಯರ್, ಗಡಿಯಾರದ ಕಸುಬಿನಿಂದ ವಿಜ್ಞಾನಕ್ಕೆ ಬಂದವರು. ಎರಡು ಬೇರೆ ಬೇರೆ ಲೋಹಗಳ ಕೂಡುಜಾಗದಲ್ಲಿ ಕರೆಂಟ್ ಹರಿದರೆ ಆ ಜಾಗ ಬಿಸಿಯಾಗುತ್ತದೆ ಇಲ್ಲವೇ ತಣ್ಣಗಾಗುತ್ತದೆ. 1838ರಲ್ಲಿ ವಿಜ್ಞಾನಿ ಲೆಂಜ್ ಇದೇ ಉಪಾಯದಿಂದ ಒಂದು ಹನಿ ನೀರನ್ನು ಮಂಜುಗಡ್ಡೆ ಮಾಡಿ, ಕರೆಂಟನ್ನು ತಿರುವುಮುರುವು ಮಾಡಿ ಮತ್ತೆ ಕರಗಿಸಿ ತೋರಿಸಿದರು. ಇಂದಿನ ಬಿಲ್ಲೆಯಲ್ಲಿ ಲೋಹದ ಬದಲು ಬಿಸ್ಮತ್ ಟೆಲ್ಯುರೈಡ್ ಎಂಬ ಅರೆವಾಹಕದ ತುಣುಕುಗಳಿವೆ. ಅದರ ಮೇಲಿನ ‘12706’ ಎಂಬ ಸಂಖ್ಯೆ 127 ಜೋಡಿ ತುಣುಕು, 6 ಆಂಪಿಯರ್ ಎಂಬುದರ ಗುರುತು.

ಈ ಬಿಲ್ಲೆ ತಂಪನ್ನು ಸೃಷ್ಟಿಸುವುದಿಲ್ಲ. ನೀರಿನ ಶಾಖವನ್ನು ಒಂದು ಮುಖದಿಂದ ಎಳೆದು ಇನ್ನೊಂದು ಮುಖಕ್ಕೆ ದಾಟಿಸುತ್ತದೆ, ಅಷ್ಟೆ. ತಾನು ನುಂಗಿದ ವಿದ್ಯುತ್ತನ್ನೂ ಶಾಖವಾಗಿಸಿ ಅತ್ತಲೇ ಸುರಿಯುತ್ತದೆ. ಬಿಲ್ಲೆಗೆ 60 ವಾಟ್ ಕೊಟ್ಟು ನೀರಿನಿಂದ 25 ವಾಟ್ ಎಳೆದರೆ, ಹಿಂಬದಿಯ ಅಲ್ಯೂಮಿನಿಯಂ ಹೀಟ್‌ಸಿಂಕ್ ಮತ್ತು ಫ್ಯಾನ್ 85 ವಾಟ್ ಶಾಖವನ್ನು ಹೊರಹಾಕಬೇಕು. ಆ ಲೆಕ್ಕದಲ್ಲಿ ಒಂದು ಲೀಟರ್ ನೀರು 30 ಡಿಗ್ರಿಯಿಂದ 12ಕ್ಕೆ ಇಳಿಯಲು ಸುಮಾರು 50 ನಿಮಿಷ ಬೇಕು. ಕಚೇರಿಯಲ್ಲಿ ಹತ್ತು ಜನ ಸಾಲಾಗಿ ಲೋಟ ಹಿಡಿದರೆ ಕೊನೆಯವರಿಗೆ ತಣ್ಣೀರು ಸಿಗದಿರುವುದು ಯಂತ್ರದ ದೋಷವಲ್ಲ.

ಕಸುಬು ಬಲ್ಲವರು ಅದಕ್ಕೇ ಮೊದಲು ಯಂತ್ರದ ಬೆನ್ನು ತಿರುಗಿಸುತ್ತಾರೆ. ಫ್ಯಾನ್ ತಿರುಗುತ್ತಿದೆಯೇ? ಹೀಟ್‌ಸಿಂಕಿನ ಸಂದುಗಳಲ್ಲಿ ದೂಳು ಮೆತ್ತಿದೆಯೇ? ಎಷ್ಟೋ ಸಲ ಬ್ರಷ್ಷಿನಿಂದ ಉಜ್ಜಿ ಹೊಸ ಫ್ಯಾನ್ ಕೂರಿಸಿದರೆ ಕೆಲಸ ಮುಗಿಯುತ್ತದೆ. ಅದು ಸರಿಯಿದ್ದರೆ ಪವರ್ ಸಪ್ಲೈ ಬೋರ್ಡಿನ ಸರದಿ. ಬಿಲ್ಲೆಯ ವೈರು ಕಳಚಿದಾಗ 12 ವೋಲ್ಟ್ ತೋರಿಸಿ, ಜೋಡಿಸಿದೊಡನೆ ಕುಸಿದರೆ ತಲೆ ಉಬ್ಬಿದ ಕೆಪಾಸಿಟರ್ ಮೇಲೆ ಅನುಮಾನ. ಈ ಬೋರ್ಡು ಪ್ಲಗ್ ಕಿತ್ತ ಮೇಲೂ 300 ವೋಲ್ಟಿನಷ್ಟು ಚಾರ್ಜ್ ಹಿಡಿದಿಟ್ಟಿರಬಹುದು, ಅನುಭವವಿಲ್ಲದವರು ಕೈಹಾಕಬಾರದು.

ಬಿಲ್ಲೆಯ ಪರೀಕ್ಷೆ ಕೊನೆಗೆ. ಅದನ್ನು ಹೊರತೆಗೆದು ಎರಡು ಬೆರಳ ನಡುವೆ ಹಿಡಿದು, ವೈರುಗಳಿಗೆ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ ತಾಗಿಸುತ್ತಾರೆ. ಹೆಬ್ಬೆರಳಿಗೆ ತಣ್ಣಗೆ, ತೋರುಬೆರಳಿಗೆ ಬೆಚ್ಚಗೆ ಅನ್ನಿಸಿದರೆ ಜೀವವಿದೆ. ಯಾವ ಮುಖ ತಂಪು ಎಂಬುದೂ ಆಗಲೇ ಗೊತ್ತಾಗುತ್ತದೆ. ಉಲ್ಟಾ ಕೂರಿಸಿದರೆ ತಣ್ಣೀರಿನ ತೊಟ್ಟಿ ಕಾಯತೊಡಗುತ್ತದೆ. ಹೀಟ್‌ಸಿಂಕ್ ಇಲ್ಲದೆ ನೇರ 12 ವೋಲ್ಟ್ ಕೊಟ್ಟು ನೋಡುವವರೂ ಇದ್ದಾರೆ. ಕೆಲವೇ ಕ್ಷಣಗಳಲ್ಲಿ ಒಳಗಿನ ಬೆಸುಗೆ ಕರಗಿ, ಚೆನ್ನಾಗಿದ್ದ ಬಿಲ್ಲೆಯೂ ಕೆಡುತ್ತದೆ.

ಕೈಚಳಕ ಕಾಣುವುದು ಮರುಜೋಡಣೆಯಲ್ಲಿ. ಬಿಲ್ಲೆಯಿಂದ ಶಾಖ ದಾಟಿಸುವ, ಒಣಗಿದ ಹಳೆಯ ಪೇಸ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸದನ್ನು ತೆಳ್ಳಗೆ ಸವರಬೇಕು. ದಪ್ಪ ಬಳಿದರೆ ಅದೇ ಶಾಖಕ್ಕೆ ಅಡ್ಡಿ. ಸ್ಕ್ರೂಗಳನ್ನು ಒಂದಿಷ್ಟು ಇತ್ತ, ಒಂದಿಷ್ಟು ಅತ್ತ ಎಂದು ಸಮವಾಗಿ ಬಿಗಿಯಬೇಕು. ಒಂದೇ ಬದಿ ಬಿಗಿದರೆ ಬಿಲ್ಲೆಯ ಪಿಂಗಾಣಿ ಹಲಗೆ ಬಿರುಕು ಬಿಡುತ್ತದೆ. ತಂಪು ಬದಿಯಲ್ಲಿ ಬೆವರಿದ ನೀರು ಒಳಹೊಕ್ಕು ತುಕ್ಕು ಹಿಡಿಸದಂತೆ ಅಂಚಿಗೆ ಸಿಲಿಕೋನ್ ಹಚ್ಚಿ, ಕಿತ್ತ ಫೋಮನ್ನು ಸಂದಿಲ್ಲದಂತೆ ಮರಳಿ ತುಂಬಬೇಕು.

ತೊಟ್ಟಿಯೇ ಸೋರುತ್ತಿದ್ದರೆ ರಿಪೇರಿಗೆ ಸುರಿಯುವ ಹಣ ದಂಡ. ಉಳಿದಂತೆ ಯಂತ್ರವನ್ನು ಗೋಡೆಯಿಂದ ಗೇಣುದ್ದ ದೂರವಿಟ್ಟು, ಆಗಾಗ ಪ್ಲಗ್ ಕಿತ್ತು ಹಿಂಬದಿಯ ದೂಳು ಹೊಡೆಯುತ್ತಿದ್ದರೆ ರಿಪೇರಿ ಅಂಗಡಿಗೆ ಹೊರುವ ಪ್ರಮೇಯ ಅಪರೂಪ.