‘ಹೌ ಡು ಯು ಡು’

ಅಪರಿಚಿತರಾದ ಇಬ್ಬರನ್ನು ಮೂರನೆಯವರೊಬ್ಬರು ಪರಸ್ಪರ ಪರಿಚಯ ಮಾಡಿಕೊಟ್ಟಾಗ, ಇಂಗ್ಲಿಷರ ಹಳೆಯ ಮರ್ಯಾದೆಯಂತೆ ಅವರ ಬಾಯಿಂದ ಹೊರಡತಕ್ಕ ಮೊದಲ ಮಾತು ‘ಹೌ ಡು ಯು ಡು’ ಎಂಬುದು. ನಾಲ್ಕೇ ಪದಗಳ ಈ ವಾಕ್ಯವನ್ನು ಅರಿಯದವರಿಲ್ಲ. ಆದರೂ ಇಂಗ್ಲಿಷನ್ನು ಪುಸ್ತಕದಿಂದ ಕಲಿತ ನಮ್ಮಂಥವರನ್ನು ಇದು ಎಡವಿಸುವುದುಂಟು.

ನಾವು ವಿದ್ಯಾರ್ಥಿಗಳಾಗಿದ್ದಾಗ ಆಂಗ್ಲ ವಿದ್ವಾಂಸರೊಬ್ಬರು ನಮ್ಮ ಕಾಲೇಜಿಗೆ ದಯಮಾಡಿಸಿದ್ದರು. ನಮ್ಮ ಪರಿಚಯವಾದೊಡನೆ ಅವರು ಕೈ ನೀಡಿ ಈ ಮಾತನ್ನಾಡಿದರು. ಪ್ರಶ್ನೆ ಬಂದ ಮೇಲೆ ಉತ್ತರ ಕೊಡುವುದು ವಿದ್ಯಾರ್ಥಿಧರ್ಮವಷ್ಟೆ! ಹಿಂದಿನ ವಾರ ಬಂದಿದ್ದ ಜ್ವರವನ್ನೂ ಅದಕ್ಕೆ ಕುಡಿದ ಕಷಾಯವನ್ನೂ ವ್ಯಾಕರಣಶುದ್ಧವಾಗಿ ನಿವೇದಿಸಿದೆವು. ಅವರು ಸೌಜನ್ಯದಿಂದ ಕೇಳಿದರು. ಆದರೆ ಅವರ ಮುಖದಲ್ಲಿ ಮೂಡಿದ ವಿಸ್ಮಯವನ್ನು ನಾವಿನ್ನೂ ಮರೆತಿಲ್ಲ.

ತಪ್ಪು ವ್ಯಾಕರಣದ್ದಲ್ಲ. ಈ ವಾಕ್ಯದ ಮೊದಲನೆಯ ‘ಡು’ ಪ್ರಶ್ನೆಯನ್ನು ರಚಿಸುವ ಸಹಾಯಕ ಕ್ರಿಯಾಪದ. ಎರಡನೆಯದು ಮುಖ್ಯ ಕ್ರಿಯಾಪದ. ಅದಕ್ಕಿಲ್ಲಿ ‘ಮಾಡು’ ಎಂಬ ಅರ್ಥವಿಲ್ಲ. ‘ಇರು, ಬಾಳು’ ಎಂಬ ಹಳೆಯ ಅರ್ಥವುಂಟು. ರೋಗಿ ಚೇತರಿಸಿಕೊಳ್ಳುತ್ತಿದ್ದಾನೆ ಎಂಬುದನ್ನು ‘ಹಿ ಈಸ್ ಡೂಯಿಂಗ್ ವೆಲ್’ ಎನ್ನುವಲ್ಲಿ ಆ ಅರ್ಥವೇ ಉಳಿದಿದೆ. ಮೊದಲು ಇದು ನಿಜವಾದ ಕುಶಲಪ್ರಶ್ನೆಯಾಗಿತ್ತು. ಬರಬರುತ್ತ ಪ್ರಶ್ನೆಯ ಜೀವ ಅಡಗಿ ವಂದನೆಯ ರೂಪ ನಿಂತಿತು. ಆದುದರಿಂದ ಇದನ್ನಾಡುವವರ ಧ್ವನಿ ಕೊನೆಯಲ್ಲಿ ಏರುವುದಿಲ್ಲ, ಇಳಿಯುತ್ತದೆ. ‘ಹೌ ಡು ಯೀ’ ಎಂಬ ಇದರ ಹಳೆಯ ರೂಪ ಸವೆದು ‘ಹೌಡಿ’ಯಾಗಿ ಅಮೆರಿಕದಲ್ಲಿ ನೆಲೆಸಿತು.

ಹಾಗಾದರೆ ಪ್ರತ್ಯುತ್ತರವೇನು? ಅದೇ ಮಾತು! ‘ಹೌ ಡು ಯು ಡು’ ಎಂದವರಿಗೆ ‘ಹೌ ಡು ಯು ಡು’ ಎಂದರೆ ತೀರಿತು. ‘ಹೌ ಆರ್ ಯು’ ಎಂಬುದು ಬೇರೆ. ಅದು ಪರಿಚಿತರಿಗೆ ಸಲ್ಲತಕ್ಕದ್ದು, ಅದಕ್ಕೆ ಚುಟುಕಾದ ಉತ್ತರವೂ ಉಂಟು. ಬರ್ಮಿಂಗ್‌ಹ್ಯಾಮಿನ ಪ್ರೊಫೆಸರ್ ಅಲನ್ ರಾಸ್ ಎಂಬವರು 1954ರ ಲೇಖನವೊಂದರಲ್ಲಿ ಇಂಗ್ಲೆಂಡಿನ ಮೇಲ್ವರ್ಗದವರ ನುಡಿಯನ್ನು ಪರೀಕ್ಷಿಸಿದರು. ಈ ಮಾತಿಗೆ ‘ಚೆನ್ನಾಗಿದ್ದೇನೆ’ ಎಂದು ಉತ್ತರಿಸುವುದಾಗಲಿ, ‘ಪ್ಲೀಸ್ಡ್ ಟು ಮೀಟ್ ಯು’ ಎನ್ನುವುದಾಗಲಿ ಆ ವರ್ಗಕ್ಕೆ ಸೇರದವರ ಗುರುತೆಂದು ಅವರು ಬರೆದರು. ಒಂದು ಮಾತು ಮನುಷ್ಯನನ್ನು ಒಳಗಿನವನೆಂದೋ ಹೊರಗಿನವನೆಂದೋ ತೂಗಿಬಿಡುವುದೆಂದರೆ ಇದೇ.

ಅರ್ಥವಿಲ್ಲದ ಮಾತೇಕೆ ಎಂದು ಹಳಿಯುವುದು ಸುಲಭ. ನಮ್ಮಲ್ಲಿ ಬೀದಿಯಲ್ಲಿ ಕಂಡವರು ‘ಊಟವಾಯಿತೇ?’ ಎನ್ನುತ್ತಾರೆ. ಕೇಳಿದವರು ಎಲೆ ಹಾಕಿಸುವುದಿಲ್ಲ. ಕೇಳಿಸಿಕೊಂಡವರು ಹುಳಿ, ಪಲ್ಯಗಳ ಪಟ್ಟಿಯನ್ನೊಪ್ಪಿಸುವುದಿಲ್ಲ. ಕನ್ನಡವನ್ನು ಪುಸ್ತಕದಿಂದ ಕಲಿತ ಪರದೇಶಿಯು ಇದನ್ನು ಭೋಜನಕ್ಕೆ ಆಹ್ವಾನವೆಂದು ಭಾವಿಸಿದರೆ ಆತನೂ ನಮ್ಮಂತೆಯೇ ಎಡವಿದಂತಾಯಿತು. ಸಮಾಚಾರವನ್ನು ತಿಳಿಸುವುದಕ್ಕಲ್ಲದೆ ಜನರನ್ನು ಒಬ್ಬರಿಗೊಬ್ಬರು ಹೊಂದಿಸುವುದಕ್ಕೂ ಮಾತು ಬಳಕೆಯಾಗುವುದೆಂದು ಮಾನವಶಾಸ್ತ್ರಜ್ಞನಾದ ಮಲಿನೋವ್‌ಸ್ಕಿ 1923ರಲ್ಲಿ ತೋರಿಸಿಕೊಟ್ಟನು. ಅಂಥ ಮಾತಿನ ಅರ್ಥ ಪದಗಳಲ್ಲಿಲ್ಲ, ಆಡುವುದರಲ್ಲಿದೆ.

ಈಚೆಗೆ ‘ಹೌ ಡು ಯು ಡು’ ಇಂಗ್ಲೆಂಡಿನಲ್ಲಿಯೂ ವಿರಳವಾಗುತ್ತಿದೆ. ಅದರ ಸ್ಥಾನಕ್ಕೆ ‘ನೈಸ್ ಟು ಮೀಟ್ ಯು’ ಬಂದಿದೆ. ಅಂದು ಮೇಲ್ವರ್ಗದವರು ಮೂಗುಮುರಿದ ಮಾತಿನ ಒಡಹುಟ್ಟೇ ಇಂದು ಎಲ್ಲರ ಮರ್ಯಾದೆಯಾಯಿತು! ರೂಢಿ ಬದಲಾಗಬಹುದು, ನಮಗೆ ಉಳಿಯುವ ಪಾಠವೊಂದೇ. ಪರಭಾಷೆಯ ಪದಗಳನ್ನು ನಿಘಂಟಿನಿಂದ ಕಲಿಯಬಹುದು. ಎಲ್ಲಿ ಉತ್ತರ ಕೊಡಬಾರದೆಂಬುದನ್ನು ಮಾತ್ರ ಅದನ್ನಾಡುವ ಜನರಿಂದಲೇ ಕಲಿಯಬೇಕು.